ಭಾನುವಾರದ ಮನೆ

ಸೆಪ್ಟೆಂಬರ್ 18, 1988

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಕ್ಷೇಮವಾಗಿದ್ದಾಳೆ, ಚಳಿಗೆ ಮೂಗು ಮಾತ್ರ ಕೆಂಪಾಗಿದೆ. ಬಂದು ಇಪ್ಪತ್ತು ದಿನವಾದರೂ ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದು ಮುಗಿಸಿ ಆಮೇಲೆ ಓದು.

ನಮ್ಮ ಆಸ್ಪತ್ರೆಯಲ್ಲಿ ಕೃತಕ ಕಾಲು ಮಾಡುವ ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಇಲ್ಲಿನ ಶಾಲೆಯಲ್ಲಿ ಅದಕ್ಕೇ ಮೂರು ಮಹಡಿ. ಕತ್ತರಿಸಿದ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು ನೆಲಮಹಡಿಯಲ್ಲಿ. ಸಂಜೆ ಹೊತ್ತಿಗೆ ನಾವೆಲ್ಲ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಇರುತ್ತೇವೆ. ಮೇಷ್ಟ್ರು ಕಡಿಮೆ ಮಾತಿನವರು. ನಾನು ಮಾಡಿದ ಮೊದಲ ಅಚ್ಚನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು, ಎರಡನೆಯದನ್ನು ಇಟ್ಟುಕೊಂಡರು. ಅದೇ ಹೊಗಳಿಕೆಯಂತೆ.

ಈಗ ಮುಖ್ಯ ವಿಷಯ. ಹೊರದೇಶದಿಂದ ಬಂದ ಒಬ್ಬೊಬ್ಬರಿಗೂ ಶಾಲೆಯವರು ಈ ಊರಿನ ಒಂದೊಂದು ಮನೆ ಗೊತ್ತು ಮಾಡುತ್ತಾರೆ. ಪ್ರತಿ ಭಾನುವಾರ ಆ ಮನೆಗೆ ಹೋಗಬೇಕು, ಅವರ ಜೊತೆ ಊಟ ಮಾಡಬೇಕು, ಇಲ್ಲಿನ ಜನರ ಬದುಕು ಕಲಿಯಬೇಕು. ತಿಂಗಳ ಕೊನೆಗೆ ಮನೆಯವರು ಒಂದು ನಮೂನೆಯಲ್ಲಿ ಏನೇನು ಮಾಡಿದೆವು ಎಂದು ಬರೆದು ಸಹಿ ಹಾಕಿ ಕೊಡುತ್ತಾರೆ, ನಾವು ಅದನ್ನು ಕಚೇರಿಗೆ ಒಪ್ಪಿಸಬೇಕು. ನನಗೆ ಸಿಕ್ಕ ಮನೆಯ ಯಜಮಾನರು ಅಂಚೆ ಕಚೇರಿಯಲ್ಲಿದ್ದವರು, ಈಗ ನಿವೃತ್ತರು. ಅವರ ಹೆಂಡತಿ ನನ್ನನ್ನು ಬಾಗಿಲಲ್ಲೇ ತಬ್ಬಿಕೊಂಡರು. ನೀನು ಹೆಣೆದುಕೊಟ್ಟ ಮೇಜುಬಟ್ಟೆಯನ್ನು ಆ ಕ್ಷಣವೇ ಬಿಡಿಸಿ ಹಾಸಿ, ಅದರ ಮೇಲೇ ಊಟ ಬಡಿಸಿದರು. ಎರಡನೇ ಸಲ ಬಡಿಸುವಾಗ ಬೇಡವೆಂದರೂ ಕೇಳಲಿಲ್ಲ.

ಹೊರಡುವ ದಿನ ಭಾವ ಎಲ್ಲರ ಮುಂದೆ, "ಅಲ್ಲಿ ನಿನ್ನನ್ನ ಯಾರು ಕೇಳ್ತಾರೆ?" ಅಂದಿದ್ದರಲ್ಲ, ಅವರಿಗೆ ಈ ಪತ್ರ ಸ್ವಲ್ಪ ಗಟ್ಟಿಯಾಗಿ ಓದಿ ಹೇಳು.

ನಿನ್ನ ಮಗಳು ಕಡ್ಡಿಗೆ ನನ್ನ ಮುದ್ದು. ಸ್ವಲ್ಪ ತುಪ್ಪ ತಿನ್ನಲು ಹೇಳು, ಗಾಳಿಗೆ ಹಾರಿಹೋದಾಳು.

ನಿನ್ನ ತಂಗಿ


ಅಕ್ಟೋಬರ್ 21, 1988

ಪ್ರೀತಿಯ ತಂಗಿಗೆ,

ಗಟ್ಟಿಯಾಗಿಯೇ ಓದಿದೆ. ಹಜಾರದ ಮಧ್ಯೆ ನಿಂತುಕೊಂಡು, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ. ನಿನ್ನ ಭಾವ ಪೇಪರ್ ಹಿಡಿದುಕೊಂಡೇ ಇದ್ದರು, ಆದರೆ ಒಂದು ಪುಟವನ್ನೂ ಮಗುಚಲಿಲ್ಲ. ಕೊನೆಗೆ "ಹೂಂ" ಎಂದು ಎದ್ದುಹೋದರು. ಅವರ ಬಾಯಲ್ಲಿ ಹೂಂ ಬರುವುದೆಂದರೆ ಏನು ಎಂದು ನಿನಗೆ ಗೊತ್ತು. ಅತ್ತೆ ಮಾತ್ರ ಇನ್ನೊಂದು ಸಲ ಓದಿಸಿಕೊಂಡು, ಪರದೇಶದವರಿಗೂ ಮನಸ್ಸು ಇರುತ್ತದೆ ಅನ್ನು ಎಂದರು.

ನಿನ್ನ ಪತ್ರ ಈಗ ನಮ್ಮ ಮನೆಯದಾಗಿ ಉಳಿದಿಲ್ಲ. ಎದುರು ಮನೆಯ ಟೈಲರ್ ಹೆಂಡತಿ ಬಂದು ಕೇಳಿಸಿಕೊಂಡು ಹೋದಳು. ಬಾಗಿಲಲ್ಲೇ ತಬ್ಬಿಕೊಂಡರು ಎಂಬಲ್ಲಿಗೆ ಬಂದಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಹಾಗೇ ಆಯಿತು, ಆದರೆ ಓದುವವಳು ನಾನಾದ್ದರಿಂದ ಮುಂದಿನ ಸಾಲಿಗೆ ಹೋದೆ.

ಕಡ್ಡಿ ನಿನ್ನ ಆ ಯಜಮಾನಿತಿಗೆ ಭಾನುವಾರದಮ್ಮ ಎಂದು ಹೆಸರಿಟ್ಟಿದ್ದಾಳೆ. ನೀನು ಬಿಟ್ಟುಹೋದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಈಗ ಅವಳದೇ ಕಾರುಬಾರು. ಕೆಲಸದಿಂದ ಬಂದವಳೇ, ಭಾನುವಾರದಮ್ಮ ಈಗ ಏನು ಮಾಡುತ್ತಿರಬಹುದು ಎಂದು ಕೇಳುತ್ತಾಳೆ. ಅವರ ಮನೆಯಲ್ಲಿ ಎಷ್ಟು ಕೋಣೆ, ಕಿಟಕಿ ಯಾವ ಕಡೆಗೆ, ಅವರು ನಿನ್ನನ್ನು ಏನೆಂದು ಕರೆಯುತ್ತಾರೆ, ಎಲ್ಲ ಬರೆ. ಒಂದನ್ನೂ ಬಿಡಬೇಡ.

ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿ ಬರೆಯುವಂಥದ್ದೇನೂ ಇಲ್ಲ.

ನಿನ್ನ ಅಕ್ಕ


ಡಿಸೆಂಬರ್ 4, 1988

ಪ್ರೀತಿಯ ಅಕ್ಕನಿಗೆ,

ಕಡ್ಡಿಯ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಿದ್ದೇನೆ, ಅಂಕ ಕೊಡಲು ಹೇಳು.

ಮನೆಯ ಬಾಗಿಲು ಕಡುಹಸಿರು. ಮೊಣಕಾಲಿನ ಎತ್ತರದಲ್ಲಿ ಕಾಗದ ಹಾಕಲು ಹಿತ್ತಾಳೆಯ ಸೀಳು ಇದೆ, ಅದರ ಎಡತುದಿಯ ತಿರುಪು ಸಡಿಲ. ಮೆಟ್ಟಿಲು ಮೂರು, ನಡುವಿನದು ಬಿರುಕು ಬಿಟ್ಟಿದೆ. ಕಾಲೊರೆಸುವ ಚಾಪೆಯ ಒಂದು ಮೂಲೆ ಯಾವಾಗಲೂ ಮಡಚಿಕೊಂಡಿರುತ್ತದೆ. ಒಳಗೆ ಕೋಣೆಗಳು ಬೇಕಾದಷ್ಟು. ಕಿಟಕಿಗಳೂ ಇವೆ, ಬೆಳಕು ಚೆನ್ನಾಗಿ ಬರುತ್ತದೆ. ಭಾನುವಾರದಮ್ಮ ನನ್ನನ್ನು ಮಗಳೇ ಎಂದು ಕರೆಯುತ್ತಾರೆ. ಕಳೆದ ವಾರ ಉದ್ಯಾನಕ್ಕೆ ಹೋಗಿದ್ದೆವು, ಅದಕ್ಕೂ ಹಿಂದಿನ ವಾರ ಹಳೆಯ ಫೋಟೋಗಳನ್ನು ನೋಡಿದೆವು, ಒಟ್ಟಿಗೆ ಅಡುಗೆ ಮಾಡಿದೆವು.

ಶಾಲೆಯಲ್ಲಿ ಈಗ ನಿಜವಾದ ರೋಗಿಗಳು ಬರುತ್ತಿದ್ದಾರೆ. ನನ್ನ ಪಾಲಿಗೆ ಬಂದವರು ಬಸ್ ಡ್ರೈವರ್ ಆಗಿದ್ದವರು. ಹೊಸ ಕಾಲು ಹಾಕಿ ನಡೆಸಿ, ನೋಯುತ್ತದೆಯೇ ಎಂದು ಕೇಳಿದೆ. ಇಲ್ಲ, ಬಹಳ ಚೆನ್ನಾಗಿದೆ ಎಂದು ನಕ್ಕರು. ಮೇಷ್ಟ್ರು ಬಂದು ಕಾಲು ಬಿಚ್ಚಿಸಿ ನೋಡಿದರೆ ಮೂಳೆಯ ಮೇಲೆ ಚರ್ಮ ಕೆಂಡದ ಹಾಗೆ ಕೆಂಪಾಗಿತ್ತು. ರೋಗಿಯನ್ನು ಕೇಳಬೇಡ, ಬಿಚ್ಚಿ ನೋಡು ಎಂದು ಮೇಷ್ಟ್ರು ನನಗೇ ಗದರಿದರು. ಹೊಸ ಹುಡುಗಿಗೆ ಬೇಜಾರಾಗಬಾರದೆಂದು ಆ ಮನುಷ್ಯ ನೋವು ನುಂಗಿಕೊಂಡು ನಡೆದಿದ್ದರು.

ಕೋಣೆ ಗುಡಿಸುವ ಹೆಂಗಸೊಬ್ಬಳು ನನ್ನನ್ನು ಕಂಡರೆ ನಗುತ್ತಾಳೆ. ಇನ್ನುಳಿದವರು ಅವರವರ ಪಾಡಿಗೆ ಇರುತ್ತಾರೆ. ಆದರೆ ಭಾನುವಾರ ಇರುವಾಗ ನನಗೇನು ಕೊರತೆ?

ನಿನ್ನ ತಂಗಿ


ಜನವರಿ 26, 1989

ಪ್ರೀತಿಯ ತಂಗಿಗೆ,

ಕುಳಿತುಕೊಂಡು ಓದು. ನಮ್ಮ ಕಡ್ಡಿ ಆಯ್ಕೆಯಾಗಿದ್ದಾಳೆ. ಆಸ್ಪತ್ರೆಯವರು ಈ ವರ್ಷ ನಿನ್ನ ಶಾಲೆಗೆ ಕಳಿಸಲು ಅವಳ ಹೆಸರನ್ನೇ ಬರೆದಿದ್ದಾರೆ. ದೊಡ್ಡ ಡಾಕ್ಟರು ಅವಳ ಕೈ ನೋಡಿ, ಇದು ನಿಮ್ಮ ಮನೆತನದ ಕೈ ಎಂದರಂತೆ. ಅವತ್ತಿನಿಂದ ನನ್ನ ಮಗಳು ನೆಲದ ಮೇಲೆ ನಡೆಯುತ್ತಿಲ್ಲ. ನನಗೆ ಒಲೆಯ ಮುಂದೆ ಸುಮ್ಮಸುಮ್ಮನೆ ನಗು ಬರುತ್ತದೆ.

ಒಂದು ಕೆಲಸ ನಿನ್ನಿಂದ ಆಗಬೇಕು. ಅವಳಿಗೂ ಒಂದು ಮನೆ ಗೊತ್ತಾಗಬೇಕಲ್ಲ, ಅದು ಭಾನುವಾರದಮ್ಮನ ಮನೆಯೇ ಆಗಬೇಕು. ಈ ಹುಡುಗಿಯನ್ನೂ ನಾವು ನೋಡಿಕೊಳ್ಳುತ್ತೇವೆ ಎಂದು ಅವರ ಕೈಯಿಂದ ನಾಲ್ಕು ಸಾಲು ಬರೆಸಿ, ಸಹಿ ಹಾಕಿಸಿ ಕಳಿಸು. ಏಪ್ರಿಲ್ ಮುಗಿಯುವುದರೊಳಗೆ ನಮ್ಮ ಕೈ ಸೇರಬೇಕು. ನಿನ್ನನ್ನು ಮಗಳೇ ಎನ್ನುವವರಿಗೆ ಮೊಮ್ಮಗಳು ಭಾರವಾಗುತ್ತಾಳೆಯೇ?

ಬೇರೆ ಮನೆ ಬೇಡ. ಯಾಕೆ ಎಂದು ಕೇಳಬೇಡ, ನನ್ನ ಮನಸ್ಸಿಗೆ ಹಾಗೆ ಬಂದಿದೆ ಎಂದುಕೋ.

ನಿನ್ನ ಅಕ್ಕ


ಫೆಬ್ರವರಿ 28, 1989

ಪ್ರೀತಿಯ ಅಕ್ಕನಿಗೆ,

ಪತ್ರ ಓದಿ ಸಂತೋಷವಾಯಿತು. ಆದರೆ ಸಂತೋಷದ ಭರದಲ್ಲಿ ಅವಸರ ಬೇಡ. ಕಡ್ಡಿಗೆ ಇನ್ನೂ ಇಪ್ಪತ್ತೆರಡು. ನಾನು ಆ ಕೋಣೆಯಲ್ಲಿ ಒಂಬತ್ತು ವರ್ಷ ಅರ ಹಿಡಿದು ಪ್ಲಾಸ್ಟರ್ ಉಜ್ಜಿದ ಮೇಲೆ ಇಲ್ಲಿಗೆ ಬಂದವಳು. ಅವಳು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿಲ್ಲ. ಇಲ್ಲಿನ ಚಳಿ ಅವಳ ಮೈಗೆ ಆಗುವುದಿಲ್ಲ, ಭಾಷೆ ಬರುವುದಿಲ್ಲ, ಮೇಷ್ಟ್ರು ಒಂದು ಮಾತು ಗದರಿದರೆ ಅಳುತ್ತಾ ಕೂರುತ್ತಾಳೆ. ಎರಡು ವರ್ಷ ಅಲ್ಲೇ ಕೈ ಪಳಗಲಿ.

ಬರಲೇಬೇಕೆಂದಿದ್ದರೆ ಶಾಲೆಯವರೇ ಒಂದು ಮನೆ ಗೊತ್ತು ಮಾಡುತ್ತಾರೆ. ಭಾನುವಾರದಮ್ಮನನ್ನು ಕೇಳಲು ನನಗೆ ಸಂಕೋಚ. ಒಬ್ಬರು ಪ್ರೀತಿಯಿಂದ ಇದ್ದಾರೆಂದು ಅವರ ತಲೆಯ ಮೇಲೆ ಇಡೀ ಸಂಸಾರವನ್ನು ಹೇರಲಾಗುತ್ತದೆಯೇ? ಕಡ್ಡಿಗೆ ಬುದ್ಧಿ ಹೇಳು.

ನಿನ್ನ ತಂಗಿ


ಮಾರ್ಚ್ 25, 1989

ತಂಗಿ,

ನಿನ್ನ ಪತ್ರವನ್ನು ಈ ಸಲ ಗಟ್ಟಿಯಾಗಿ ಓದಲಿಲ್ಲ. ಅತ್ತೆ ಕೇಳಿದರು, ಇನ್ನೂ ಬಂದಿಲ್ಲ ಎಂದೆ.

ಅವಳಿಗೆ ಮೊದಲ ಸಲ ಅರ ಹಿಡಿಯಲು ಕಲಿಸಿದವಳು ನೀನು. ಡಿಪ್ಲೊಮಾ ಮುಗಿದ ಮಾರನೇ ದಿನ ಕೈಹಿಡಿದು ಆ ಕೋಣೆಗೆ ಕರೆದುಕೊಂಡು ಹೋಗಿ, ಇವಳು ನನಗಿಂತ ಮುಂದೆ ಹೋಗುತ್ತಾಳೆ ಎಂದವಳೂ ನೀನೇ. ಈಗ ಅವಳು ಹೊರಟು ನಿಂತಾಗ ಚಳಿ, ಭಾಷೆ, ಅಳು ಎಂದು ಪಟ್ಟಿ ಕೊಡುತ್ತೀಯ. ನಿನಗಿಲ್ಲದ ಚಳಿ ಅವಳಿಗೆಲ್ಲಿಂದ ಬಂತು? ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನಗೆ ಸಿಕ್ಕ ಅಷ್ಟು ದೊಡ್ಡ ಪ್ರೀತಿಯಲ್ಲಿ ನನ್ನ ಮಗಳಿಗೆ ಒಂದು ಮೂಲೆ ಕೊಡಲು ನಿನಗೆ ಮನಸ್ಸಿಲ್ಲವೇ?

ಬೇಡಿಕೊಳ್ಳುವುದು ನನಗೆ ಅಭ್ಯಾಸವಿಲ್ಲ. ಆದರೂ ಬೇಡುತ್ತಿದ್ದೇನೆ. ಒಂದು ಸಲ ಅವರನ್ನು ಬಾಯಿಬಿಟ್ಟು ಕೇಳು.

ಅಕ್ಕ


ಏಪ್ರಿಲ್ 19, 1989

ಪ್ರೀತಿಯ ಅಕ್ಕನಿಗೆ,

ಹೊಟ್ಟೆಕಿಚ್ಚು ಎಂಬ ಒಂದು ಪದ ಮಾತ್ರ ನೀನು ಬರೆಯದೆ ಬಿಟ್ಟಿದ್ದೀಯ. ಅದನ್ನೂ ಬರೆದುಬಿಡಬಹುದಿತ್ತು.

ಭಾನುವಾರದಮ್ಮನಿಗೆ ಮೈ ಚೆನ್ನಾಗಿಲ್ಲ. ಎದೆನೋವು ಎಂದು ಡಾಕ್ಟರು ಮಲಗಿಸಿದ್ದಾರೆ. ಇಂಥ ಹೊತ್ತಿನಲ್ಲಿ ಸಹಿ ಹಾಕಿಕೊಡಿ ಎಂದು ಕಾಗದ ಹಿಡಿದು ಹೋಗುವುದು ಹೇಗೆ? ಮುಂದಿನ ವರ್ಷ ನೋಡೋಣ. ವರ್ಷ ಎಂದರೆ ಎಷ್ಟು ಹೊತ್ತು? ಕಡ್ಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ತಂಗಿ


ಜೂನ್ 5, 1989

ತಂಗಿಗೆ,

ಇದೇ ತಿಂಗಳ 29ರಂದು ಕಡ್ಡಿಯ ಮದುವೆ. ಹುಡುಗ ನಿನ್ನ ಭಾವನ ಅಂಗಡಿಯ ಪಾಲುದಾರರ ಎರಡನೇ ಮಗ. ಆಹ್ವಾನ ಪತ್ರಿಕೆ ಇಟ್ಟಿದ್ದೇನೆ. ನಿನಗೆ ಬರಲಾಗುವುದಿಲ್ಲ ಎಂದು ಗೊತ್ತು.

ಕೆಲಸಕ್ಕೆ ರಾಜೀನಾಮೆ ಕೊಟ್ಟಾಯಿತು. ಆಸ್ಪತ್ರೆಯವರು ಬೇರೆಯವರ ಹೆಸರು ಕಳಿಸುವುದಕ್ಕೆ ಜುಲೈ ತನಕ ಕಾಯುತ್ತಾರಂತೆ. ಯಾಕೆ ಕಾಯುತ್ತಾರೋ.

ಅಕ್ಕ


ಜುಲೈ 1, 1989

ಅಕ್ಕ,

ನಿನ್ನ ಪತ್ರ ನನ್ನ ಕೈ ಸೇರಿದ್ದು ಮೊನ್ನೆ, 29ರ ಬೆಳಿಗ್ಗೆ. ತಂತಿ ಕಳಿಸಲು ಓಡಿದೆ. ಕೌಂಟರಿನ ಮುಂದೆ ನಿಂತು ಲೆಕ್ಕ ಹಾಕಿದರೆ ಅಲ್ಲಿ ಆಗಲೇ ಧಾರೆ ಮುಗಿದು ಊಟಕ್ಕೆ ಎಲೆ ಹಾಕಿರುತ್ತಾರೆ. ಏನೂ ಬರೆಯದೆ ತಿರುಗಿ ಬಂದೆ.

ಭಾನುವಾರದಮ್ಮ ಎಂಬವರು ಇಲ್ಲ. ಆ ಮನೆ ಇದೆ, ಅದರಲ್ಲಿ ಗಂಡ ಹೆಂಡತಿ ಇದ್ದಾರೆ, ನನ್ನ ಹೆಸರು ಅವರಿಗೆ ಸರಿಯಾಗಿ ಗೊತ್ತಿಲ್ಲ. ಮೊದಲನೇ ಭಾನುವಾರ ಸೀರೆ ಉಟ್ಟುಕೊಂಡು, ನಿನ್ನ ಮೇಜುಬಟ್ಟೆ ಹಿಡಿದುಕೊಂಡು ಹೋಗಿ ಗಂಟೆ ಒತ್ತಿದೆ. ಆ ಮನುಷ್ಯ ಸರಪಳಿ ತೆಗೆಯದೆ, ಅಂಗೈ ಅಗಲ ಬಾಗಿಲು ತೆರೆದು, "ನಮಗೂ ಪುರುಸೊತ್ತಿಲ್ಲ, ನಿಮಗೂ ಓದೋದಿರುತ್ತೆ. ತಿಂಗಳಿಗೊಂದ್ಸಲ ಆ ಕಾಗದ ಇಲ್ಲಿ ಹಾಕಿಹೋಗಿ, ತುಂಬಿಸಿ ಇಟ್ಟಿರ್ತೀವಿ" ಎಂದು ಕೆಳಗಿನ ಸೀಳು ತೋರಿಸಿದರು. ಒರಟಾಗಿಯೇನೂ ಹೇಳಲಿಲ್ಲ, ಹಾಲಿನವನಿಗೆ ನಾಳೆ ಬೇಡ ಎನ್ನುವ ಹಾಗೆ ಹೇಳಿದರು. ತಿಂಗಳ ಕೊನೆಗೆ ಕಾಗದ ಚಾಪೆಯ ಕೆಳಗೆ ಇರುತ್ತಿತ್ತು: ಉದ್ಯಾನಕ್ಕೆ ಹೋದೆವು, ಫೋಟೋ ನೋಡಿದೆವು, ಒಟ್ಟಿಗೆ ಅಡುಗೆ ಮಾಡಿದೆವು. ಕೆಳಗೆ ಇಬ್ಬರ ಸಹಿ. ಅದನ್ನು ಓದಿಕೊಂಡೇ ನಿನಗೆ ಬರೆಯುತ್ತಿದ್ದೆ. ಅವರು ಹೇಳಿದ ಸುಳ್ಳಿಗೆ ನಾನು ಉಪ್ಪು ಖಾರ ಹಚ್ಚಿದೆ. ಮೇಜುಬಟ್ಟೆ ನನ್ನ ಮಂಚದ ಕೆಳಗೆ, ನೀನು ಸುತ್ತಿದ ಕಾಗದದಲ್ಲೇ ಇದೆ.

ಯಾಕೆ ಹೀಗೆ ಮಾಡಿದೆ ಎಂದರೆ, ಭಾವ ಅಂದ ಮಾತು ನಿಜವಾಗಿತ್ತು. ಇಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಅದನ್ನು ನಿನ್ನ ಬಾಯಿಂದ ಅವರ ಮುಂದೆ ಓದಿಸುವುದಕ್ಕಿಂತ ಸಾಯುವುದು ವಾಸಿ ಅನ್ನಿಸಿತು. ಕಡ್ಡಿ ಬಂದರೆ ಮೊದಲ ಭಾನುವಾರವೇ ಎಲ್ಲ ಬಯಲಾಗುತ್ತದೆ. ಅವಳು ಬರಬಾರದು ಎಂದು ನಾನು ಬಯಸಿದ್ದು ನಿಜ, ಅಕ್ಕ. ಹೊಟ್ಟೆಕಿಚ್ಚಿಗಲ್ಲ, ಹೆದರಿಕೆಗೆ.

ಇನ್ನೊಂದು ವಿಷಯ. ಪ್ಲಾಸ್ಟರ್ ಕೋಣೆ ಗುಡಿಸುವವಳ ಬಗ್ಗೆ ಒಂದೇ ಸಾಲು ಬರೆದಿದ್ದೆ. ನನ್ನ ಭಾನುವಾರಗಳೆಲ್ಲ ಅವಳ ಜೊತೆಗೇ ಕಳೆದವು. ವಾರದ ಧೂಳನ್ನು ಅವಳು ತೆಗೆಯುವುದು ಅವತ್ತೇ. ಮೊದಲ ವಾರ ಆ ಮನೆಯಿಂದ ನೇರ ಅಲ್ಲಿಗೆ ಹೋಗಿ ಸೀರೆಯಲ್ಲಿ ಕುಳಿತಿದ್ದ ನನ್ನನ್ನು ನೋಡಿ, ಏನೂ ಕೇಳದೆ ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟಳು. ಮಂಡಿನೋವಿನವಳು, ಗಂಡನಿಲ್ಲ, ಬಕೆಟ್ಟಿಗೂ ಬೈಯುವವಳು. ಇಲ್ಲಿನ ಭಾಷೆಯಲ್ಲಿ ನನಗೆ ಗೊತ್ತಿರುವ ಬೈಗುಳವೆಲ್ಲ ಅವಳಿಂದ ಕಲಿತದ್ದು, ಒಳ್ಳೆಯ ಮಾತುಗಳೂ ಅವಳಿಂದಲೇ. ಕಸ ಗುಡಿಸುವವಳು ನನಗೆ ಊಟ ಕೊಟ್ಟಳು ಎಂದು ಬರೆಯಲು ನನಗೆ ನಾಚಿಕೆಯಾಯಿತು.

ಮೊನ್ನೆ ನಿನ್ನ ಪತ್ರ ಹಿಡಿದು ಅವಳ ಮುಂದೆ ಅತ್ತುಬಿಟ್ಟೆ. ಎಲ್ಲ ಕೇಳಿಸಿಕೊಂಡು, "ಅಷ್ಟು ತಿಂಗಳಲ್ಲಿ ಒಂದ್ಸಲ ಹೋಗಿ ಕೇಳ್ಬಾರದಾಗಿತ್ತಾ?" ಎಂದಳು. ಹೌದಲ್ಲ ಎಂದು ಆ ಕಾಲಲ್ಲೇ ಹೋದೆ. ಹೆಂಡತಿ ಬಾಗಿಲು ತೆರೆದರು, ಮೊದಲ ಸಲ ಅವರ ಮುಖ ನೋಡಿದೆ. ಅಕ್ಕನ ಮಗಳು ಬರುತ್ತಾಳೆ, ನೋಡಿಕೊಳ್ಳುತ್ತೇವೆ ಎಂದು ಬರೆದುಕೊಡುತ್ತೀರಾ ಎಂದೆ. "ಒಬ್ಬರಾದ್ರೇನು, ಇಬ್ಬರಾದ್ರೇನು, ಕಾಗದ ತಾನೆ" ಎಂದು ಗೋಡೆಗೆ ಒತ್ತಿಕೊಂಡು ನಾಲ್ಕು ಸಾಲು ಗೀಚಿ ಸಹಿ ಹಾಕಿದರು. ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ.

ಆ ಕಾಗದ ಇದರ ಜೊತೆಗಿದೆ. ಯಾವುದಕ್ಕೂ ಬರುವುದಿಲ್ಲ ಎಂದು ಗೊತ್ತಿದ್ದೂ ಕಳಿಸುತ್ತಿದ್ದೇನೆ. ನನ್ನನ್ನು ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ತಂಗಿ


ಆಗಸ್ಟ್ 13, 1989

ತಂಗಿಗೆ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಬೈಯಲು ಮೂರು ಸಲ ಕುಳಿತೆ, ಮೂರು ಸಲವೂ ಹರಿದು ಹಾಕಿದೆ. ಬೈಯಬೇಕಾದರೆ ನನ್ನನ್ನೂ ಬೈದುಕೊಳ್ಳಬೇಕಾಗುತ್ತದೆ.

ನಿನಗೆ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಕಡ್ಡಿಯ ಹೆಸರು ಬಂದ ದಿನವೇ ನಿನ್ನ ಭಾವ, "ನಿನ್ನ ತಂಗಿ ಹೋಗ್ತಾಳಲ್ಲ, ಆ ಮನೆಯವರು ಬರೆದುಕೊಡಲಿ, ಕಳಿಸ್ತೀನಿ. ಇಲ್ಲ ಅಂದ್ರೆ ಏಪ್ರಿಲ್ ದಾಟಿದ ಮೇಲೆ ಪಾಲುದಾರನಿಗೆ ಮಾತು ಕೊಡ್ತೀನಿ" ಎಂದಿದ್ದರು. ಆ ಮನೆ ಒಂದನ್ನು ಮಾತ್ರ ಅವರು ನಂಬಿದ್ದರು. ನಿನ್ನ ಪತ್ರಗಳು ಅಷ್ಟು ಚೆನ್ನಾಗಿದ್ದವು. ಇದನ್ನು ನಿನಗೆ ತಿಳಿಸಿದರೆ, ನಿನ್ನ ಗಂಡ ಎಂಥವನು ಎಂದು ನಾನು ಆಗಲೇ ಹೇಳಿರಲಿಲ್ಲವೇ ಎಂದು ಬರೆಯುತ್ತೀಯ ಎನಿಸಿತು. ಆ ಒಂದು ಸಾಲನ್ನು ಓದುವುದು ಬೇಡವಾಗಿತ್ತು. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದೆ.

ನೀನು ಯಾರೂ ದಿಕ್ಕಿಲ್ಲದೆ ಪ್ಲಾಸ್ಟರ್ ಧೂಳಿನಲ್ಲಿ ಕುಳಿತಿದ್ದೀಯ ಎಂದು ಒಂದು ಸಾಲು ಬರೆದಿದ್ದರೆ, ನಿನ್ನ ಭಾವನ ಕೈಕಾಲು ಹಿಡಿದಾದರೂ, ಜಗಳ ಮಾಡಿಯಾದರೂ ನಿನಗೆ ಜೊತೆಗೆಂದು ಅವಳನ್ನು ಕಳಿಸುತ್ತಿದ್ದೆ. ಕಷ್ಟದಲ್ಲಿರುವವರ ಬಳಿಗೆ ಮಗಳನ್ನು ಕಳಿಸಲು ನನಗೆ ಗೊತ್ತಿತ್ತು. ಸುಖವಾಗಿರುವವಳ ಬಾಗಿಲು ತಟ್ಟುವುದಕ್ಕೆ ಮಾತ್ರ ಅವಳ ಅಪ್ಪಣೆ ಬೇಕಾಯಿತು. ನೀನು ಕೊಡಲಿಲ್ಲ.

ಅಳಿಯ ಕೆಟ್ಟವನಲ್ಲ. ಆ ಮನೆಯಲ್ಲಿ ಹೆಂಗಸರು ಹೊರಗೆ ದುಡಿಯುವ ರೂಢಿಯಿಲ್ಲ, ಅಷ್ಟೆ. ಹೋದ ವಾರ ನೋಡಿಕೊಂಡು ಬಂದೆ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಬೇಳೆ ಆರಿಸುತ್ತಾ ಕುಳಿತಿದ್ದಳು. ಮೈ ಕೈ ತುಂಬಿಕೊಂಡಿದೆ, ಇನ್ನು ಕಡ್ಡಿ ಎಂದು ಕರೆಯುವ ಹಾಗಿಲ್ಲ. ನಾನು ಅತ್ತರೆ ಅವಳೇ ಸಮಾಧಾನ ಮಾಡಿದಳು.

ನಿನ್ನ ಈ ಕೊನೆಯ ಪತ್ರವನ್ನೂ, ಆ ಸಹಿ ಹಾಕಿದ ಕಾಗದವನ್ನೂ ಒಲೆಗೆ ಹಾಕಿದೆ. ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ಮೊದಲಿನ ಪತ್ರಗಳನ್ನೆಲ್ಲ ಅವಳು ಗಂಡನ ಮನೆಗೆ ತೆಗೆದುಕೊಂಡು ಹೋಗಿದ್ದಾಳೆ. ಅತ್ತೆ, ನಾದಿನಿ ಎಲ್ಲರಿಗೂ ಓದಿ ಹೇಳಿದ್ದಾಳಂತೆ. ತನಗೆ ತಪ್ಪಿಹೋದದ್ದು ಎಂಥ ಮನೆ ಎಂದು ಅವರಿಗೂ ಗೊತ್ತಾಗಲಿ ಎಂದಿರಬೇಕು. ನಿನ್ನ ಮೇಲೆ ಅವಳಿಗೆ ಒಂದಿಷ್ಟೂ ಕೋಪವಿಲ್ಲ. ಪಾಪ, ಅಲ್ಲಿ ಕಾಯಿಲೆ ಬಿದ್ದವರನ್ನು ಚಿಕ್ಕಿ ಹೇಗೆ ಕೇಳಿಯಾಳು ಎಂದು ನನಗೇ ಬುದ್ಧಿ ಹೇಳಿದಳು.

ಇನ್ನು ಮೇಲೆ ನನಗೆ ಬರೆಯಬೇಡ, ಅವಳಿಗೆ ಬರೆ. ನಾನು ಹೊರಟು ನಿಂತಾಗ ಬಾಗಿಲ ತನಕ ಬಂದು, ಭಾನುವಾರದಮ್ಮ ಹುಷಾರಾದರಾ, ಚಿಕ್ಕಿಯನ್ನು ಕೇಳಿ ಬರೆಸು ಎಂದಳು. ಅದಕ್ಕೆ ಉತ್ತರ ನೀನೇ ಕೊಡು. ಅವಳ ಹೊಸ ವಿಳಾಸ ಹಿಂದಿನ ಪುಟದಲ್ಲಿದೆ.

ಅಕ್ಕ